ಸೊನೆ ತಿಂದ ಕೈ

ನಾಗಮ್ಮ ಕುಮಟೆಯ ಗೇರುಬೀಜದ ಕಾರ್ಖಾನೆಗೆ ಸೇರಿದ್ದು ಮಗಳು ಸೀತೆ ನಡೆಯಲು ಕಲಿತ ಮೇಲೆ. ಮನೆ ಊರಿನ ಹೊರಗೆ, ಹಂದಿಗೋಣದಲ್ಲಿ. ಗಂಡ ಶನಿಯಾರ ಗದ್ದೆಯಲ್ಲಿ ಕೆಲಸವಿದ್ದಾಗ ಗದ್ದೆಗೆ, ಇಲ್ಲದಾಗ ಚಿರೇಕಲ್ಲು ಕಡಿಯಲು ಹೋಗುತ್ತಿದ್ದ. ಮಗುವನ್ನು ಅತ್ತೆ ಅಂಬಾ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಗಂಜಿ ಉಂಡು ನೆರೆಮನೆಯ ಬೆಳ್ಳಿಯ ಜೊತೆ ಹೊರಟರೆ ನಾಗಮ್ಮ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಕಾರ್ಖಾನೆಯಲ್ಲಿ ಅವಳದು ಬೀಜ ಒಡೆಯುವ ಕೆಲಸ. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೇ ಪೆಟ್ಟಿಗೆ ಒಡೆಯಬೇಕು, ಒಳಗಿನ ತಿರುಳು ತುಂಡಾಗಬಾರದು. ಹೊರಸಿಪ್ಪೆಯ ಒಳಗೆ ಸಣ್ಣ ಸಣ್ಣ ಗೂಡುಗಳಲ್ಲಿ ಸೊನೆ ತುಂಬಿರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಕೊಡತಿ ಬಿದ್ದಾಗ ಅದು ಕಪ್ಪು ಎಣ್ಣೆಯಾಗಿ ಬೆರಳಿಗೆ ಹತ್ತುತ್ತದೆ. ಹತ್ತಿದಲ್ಲಿ ಮೊದಲು ಉರಿ, ಮರುದಿನ ಗುಳ್ಳೆ, ಆಮೇಲೆ ಕಪ್ಪಾಗಿ ಸುಲಿಯುವ ಚರ್ಮ. ಹಳೆಯ ಹೆಂಗಸರು ಒಲೆಯ ಬೂದಿ ತಂದು ಬೆರಳಿಗೆ ಮೆತ್ತಿಕೊಂಡು ಕೂಡುತ್ತಿದ್ದರು. ಬೂದಿ ಸ್ವಲ್ಪ ಹೊತ್ತು ತಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರು, ಸೊನೆ, ಬೂದಿ ಎಲ್ಲ ಒಂದಾಗಿ ಕೆಸರಾಗುತ್ತಿತ್ತು.

ನಾಗಮ್ಮನಿಗೆ ಉರಿಗಿಂತ ಹೆಚ್ಚಿನ ಕಷ್ಟ ಮನೆಯಲ್ಲಿತ್ತು. ಎಷ್ಟು ತೊಳೆದರೂ ಬೆರಳಿನ ಕಪ್ಪು ಹೋಗುತ್ತಿರಲಿಲ್ಲ. ಅವಳು ಅನ್ನ ಬಡಿಸಿದರೆ ಅಂಬಾ ಮುಖ ತಿರುಗಿಸುತ್ತಿದ್ದಳು. ಕೈ ತರಿತರಿಯಾಗಿ ಚುಚ್ಚುತ್ತದೆಂದು ಮಗು ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ.

ಅರವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಬೆಳ್ಳಿಯೇ ಅವಳನ್ನು ಪೇಟೆಯ ಹೊಸ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಹೆಣ್ಣು ಡಾಕ್ಟರು ಬಂದಿದ್ದಾರೆ, ಹೆಂಗಸರ ಮಾತು ಕೇಳುತ್ತಾರೆ ಎಂದು ಕಾರ್ಖಾನೆಯಲ್ಲಿ ಸುದ್ದಿಯಾಗಿತ್ತು.

ಡಾಕ್ಟರ ಹೆಸರು ವನಮಾಲಾ. ಹೊನ್ನಾವರದ ಕಡೆಯ ತೋಟದ ಮನೆಯವಳು. ಹುಬ್ಬಳ್ಳಿಯಲ್ಲಿ ಓದು ಮುಗಿಸಿ, ಕುಮಟೆಯಲ್ಲಿ ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ತೆರೆದು ವರ್ಷವೂ ಆಗಿರಲಿಲ್ಲ. ನಾಗಮ್ಮನ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೆಳ್ಳಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಸಿಪ್ಪೆಯನ್ನು ಇಕ್ಕುಳದಿಂದ ಹಿಂಡಿ, ಸೊನೆಯನ್ನು ನೀರಿನಲ್ಲಿ ಕಲಕಿ, ಅದರೊಳಗೆ ನೀಲಿ ಬಣ್ಣದ ಸಣ್ಣ ಕಾಗದದ ಚೂರು ಅದ್ದಿದಳು. ಮೂತ್ರ ಪರೀಕ್ಷೆಗೆಂದು ಇಟ್ಟಿದ್ದ ಲಿಟ್ಮಸ್ ಕಾಗದ ಅದು. ಅದ್ದಿದ ತುದಿ ಕೆಂಪಾಯಿತು.

ಅದನ್ನು ಅವಳು ಇಬ್ಬರಿಗೂ ತೋರಿಸಿದಳು. ಹುಳಿ ಇದ್ದರೆ ಈ ಕಾಗದ ಕೆಂಪಾಗುತ್ತದೆ, ಸೊನೆಯಲ್ಲಿ ಇರುವುದೂ ಒಂದು ಬಗೆಯ ಹುಳಿಯೇ, ಅದಕ್ಕೆ ಚರ್ಮ ಸುಡುತ್ತದೆ ಎಂದು ಬಿಡಿಸಿ ಹೇಳಿದಳು. ಹುಳಿಯನ್ನು ಮುರಿಯಲು ಕ್ಷಾರ ಬೇಕು. ಬಟ್ಟೆ ಒಗೆಯುವ ಸೋಡಾ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ನೀರಿನಲ್ಲಿ ಕರಗಿಸಿ ಕೆಲಸ ಬಿಟ್ಟ ಕೂಡಲೇ ಕೈ ತೊಳೆಯಬೇಕು. ಓದಿದ್ದ ಪಾಠಕ್ಕೂ ಎದುರಿಗೆ ಕಂಡದ್ದಕ್ಕೂ ಸರಿಯಾಗಿ ಹೊಂದಿದ್ದರಿಂದ ಅವಳಿಗೆ ಅದರಲ್ಲಿ ಸಂಶಯ ಬರಲಿಲ್ಲ. ಅಷ್ಟಕ್ಕೇ ಬಿಡದೆ ಮರುದಿನ ಕಾರ್ಖಾನೆಗೆ ಹೋಗಿ ಮೇಸ್ತ್ರಿ ಮಾಬ್ಲೇಶ್ವರನ ಹತ್ತಿರ ಮಾತಾಡಿದಳು. ಹೆಂಗಸರು ಕೈ ನೋವೆಂದು ಪದೇ ಪದೇ ಕೆಲಸ ತಪ್ಪಿಸುವುದು ಅವನಿಗೂ ತಲೆನೋವಾಗಿತ್ತು. ಆ ವಾರವೇ ಗೇಟಿನ ಹತ್ತಿರ ಸೋಡಾ ಕರಗಿಸಿದ ನೀರಿನ ಪೀಪಾಯಿ ಬಂತು.

ಮೊದಲಿಗೆ ಎಲ್ಲರಿಗೂ ಸಂತೋಷ. ಆ ನೀರಿನಲ್ಲಿ ಕೈ ಉಜ್ಜಿದರೆ ಯಾವ ಸಾಬೂನಿಗೂ ಹೋಗದ ಕಪ್ಪು ಕರಗಿ ಹೋಗುತ್ತಿತ್ತು. ಬೆರಳು ಬೆಳ್ಳಗೆ ಕಾಣುತ್ತಿತ್ತು. ಸ್ವಲ್ಪ ಜಾರಿದ ಹಾಗೆ, ನುಣ್ಣಗೆ ಅನಿಸುತ್ತಿತ್ತು. ಅದು ಚರ್ಮದ ಮೇಲ್ಪದರವೇ ಕರಗುವ ನುಣುಪು ಎಂದು ಯಾರಿಗೂ ತಿಳಿಯಲಿಲ್ಲ. ನಾಗಮ್ಮ ಒಂದು ಪೊಟ್ಟಣ ಸೋಡಾ ಮನೆಗೂ ಒಯ್ದಳು. ಕಾರ್ಖಾನೆಯಲ್ಲಿ ತೊಳೆದದ್ದು ಸಾಲದೆ ಬಚ್ಚಲಲ್ಲಿ ಇನ್ನೊಮ್ಮೆ ತೊಳೆದೇ ಅಡುಗೆ ಒಲೆಯ ಹತ್ತಿರ ಹೋಗುತ್ತಿದ್ದಳು. ಅಂಬಾ ಕೈ ನೋಡಿ, ಮುಖ ತಿರುಗಿಸದೆ ಬಡಿಸಿಕೊಂಡಳು. ಸೀತೆ ಅವಳ ತೊಡೆಯ ಮೇಲೆ ಮಲಗಿ ಬೆನ್ನು ತಟ್ಟಿಸಿಕೊಂಡಿತು.

ಮಳೆ ಹಿಡಿಯುವ ಹೊತ್ತಿಗೆ ಬೆರಳ ಸಂದಿಗಳು ಬಿರಿದವು. ಬಿರುಕಿನಿಂದ ನೀರು ಒಸರತೊಡಗಿತು. ಅದರೊಳಗೆ ಸೊನೆ ಸೇರಿದರೆ ಮೊದಲಿಗಿಂತ ಹತ್ತು ಪಟ್ಟು ಉರಿ. ಉರಿ ಹೆಚ್ಚಾದಷ್ಟೂ ನಾಗಮ್ಮ ಹೆಚ್ಚು ತೊಳೆದಳು. ಡಾಕ್ಟರು ಹೇಳಿದ ಔಷಧಿ, ತಾನು ಹಾಕಿದ್ದು ಸಾಲದೆ ಹೋಗಿರಬೇಕು ಎಂದುಕೊಂಡಳು. ಕೈಯ ಹಿಂಬದಿಯ ಗಾಯಗಳು ಒಣಗಿದಲ್ಲಿ ಬಿಳಿ ಮಚ್ಚೆಗಳು ಎದ್ದವು. ಎರಡು ಉಗುರುಗಳು ದಪ್ಪಗಾಗಿ ಬುಡದಿಂದ ಬಿಟ್ಟುಕೊಂಡವು.

ಶನಿಯಾರನ ದಾಯಾದಿಗಳ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಿತ್ತು. ನಾಗಮ್ಮ ಮಗುವನ್ನು ತೊಟ್ಟಿಲಿಗೆ ಹಾಕಲು ಕೈ ಚಾಚಿದಾಗ ಆ ಮನೆಯ ಹಿರಿಯ ಹೆಂಗಸು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಊಟದ ಪಂಕ್ತಿಯಲ್ಲಿ ನಾಗಮ್ಮನ ಎರಡೂ ಪಕ್ಕ ಖಾಲಿ ಉಳಿದವು. ಸಂಜೆಯೊಳಗೆ ಇಡೀ ಕೇರಿಗೆ ಗೊತ್ತಾಯಿತು: ಶನಿಯಾರನ ಹೆಂಡತಿಗೆ ದೊಡ್ಡ ರೋಗ. ಕುಷ್ಠ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಂಬಾ ಅವಳಿಗೆ ಬೇರೆ ತಟ್ಟೆ, ಬೇರೆ ಚೊಂಬು ಇಟ್ಟಳು. ಬಾವಿಯ ಹಗ್ಗ ಮುಟ್ಟಬೇಡ ಎಂದಳು. ಬೈದು ಹೇಳಲಿಲ್ಲ. ತನ್ನ ತವರಿನಲ್ಲಿ ಒಬ್ಬ ಮಾವ ಈ ರೋಗದಿಂದಲೇ ಗುಡ್ಡದ ಬದಿಯ ಗುಡಿಸಲಲ್ಲಿ ಒಂಟಿಯಾಗಿ ಸತ್ತದ್ದನ್ನು ಚಿಕ್ಕಂದಿನಲ್ಲಿ ಕಂಡವಳು ಅವಳು. ಹೆದರಿಕೆ ನಿಜವಾದದ್ದೇ. ಶನಿಯಾರ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ, ಸ್ವಲ್ಪ ದಿವಸ ತವರಿಗೆ ಹೋಗಿ ಬಾ ಎಂದ. ಸೀತೆಯನ್ನು ಕರೆದೊಯ್ಯುತ್ತೇನೆ ಎಂದು ನಾಗಮ್ಮ ಹೇಳಿದಾಗ ಮಾತ್ರ ಅವನು ತಲೆಯೆತ್ತಿ, ಬೇಡ ಎಂದ.

ನಾಗಮ್ಮನ ತವರು ಕಾಸರಕೋಡ. ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ ಶರಾವತಿಯನ್ನು ದೋಣಿಯಲ್ಲಿ ದಾಟಬೇಕು. ಮಳೆಗಾಲದ ಹೊಳೆ ಕೆಂಪಾಗಿ ತುಂಬಿತ್ತು. ದೋಣಿಯಲ್ಲಿ ಅವಳು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ದೋಣಿ ಓಲಾಡಿದಾಗಲೂ ಅಂಚು ಹಿಡಿಯಲಿಲ್ಲ. ಅಣ್ಣ ಅವಳನ್ನು ಬೇಡವೆನ್ನಲಿಲ್ಲ. ಆದರೆ ಮನೆಯ ಹಿಂದೆ ಮೀನುಬಲೆ ಇಡುತ್ತಿದ್ದ ಇಳಿಮಾಡಿನಲ್ಲಿ ಚಾಪೆ ಹಾಸಿಕೊಟ್ಟ.

ಇದೆಲ್ಲ ವನಮಾಲಾಗೆ ತಿಳಿದದ್ದು ಬೆಳ್ಳಿಯಿಂದ. ಬೆಳ್ಳಿ ತನ್ನ ಕೈ ತೋರಿಸಲು ಬಂದಿದ್ದಳು. ಅವಳ ಬೆರಳುಗಳೂ ಬಿರಿದು ರಕ್ತ ಜಿನುಗುತ್ತಿತ್ತು. ನಾಗಮ್ಮ ಎಲ್ಲಿ, ಅವಳಿಗೆ ಹೇಗಿದೆ ಎಂದು ಡಾಕ್ಟರು ಕೇಳಿದಳು. ಬೆಳ್ಳಿ ನಡೆದದ್ದನ್ನೆಲ್ಲ ಹೇಳಿದಳು. ಗೇಟಿನ ಪೀಪಾಯಿಯಲ್ಲಿ ಕೈ ತೊಳೆದ ಮುಕ್ಕಾಲುಪಾಲು ಹೆಂಗಸರಿಗೆ ಹೀಗೇ ಆಗಿದೆ, ಸೋಮಾರಿತನದಿಂದ ತೊಳೆಯದೆ ಹೋಗುತ್ತಿದ್ದವರ ಕೈಯೇ ಎಷ್ಟೋ ವಾಸಿ ಎಂದೂ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು ಅಷ್ಟೆ.

ಅವಳು ಹೋದ ಮೇಲೆ ವನಮಾಲಾ ಬಾಗಿಲು ಹಾಕಿಕೊಂಡು ಮತ್ತೆ ಲಿಟ್ಮಸ್ ಕಾಗದ ತೆಗೆದಳು. ಸೋಡಾ ನೀರಿಗೆ ಕೆಂಪು ಕಾಗದ ಅದ್ದಿದಳು. ತಡವಿಲ್ಲದೆ ಕಡುನೀಲಿಯಾಯಿತು. ಇದು ಗೊತ್ತಿದ್ದದ್ದೇ. ಆಮೇಲೆ ನೀಲಿ ಕಾಗದವನ್ನು ಒದ್ದೆ ಮಾಡಿ ತನ್ನ ಮುಂಗೈಯ ಮೇಲೆ ಒತ್ತಿ ಹಿಡಿದಳು. ಹಿಡಿದು ತೆಗೆದಾಗ ನೀಲಿ ಮಾಸಿ ನೇರಳೆಗೆ ತಿರುಗಿತ್ತು. ಆರೋಗ್ಯವಾಗಿರುವ ಚರ್ಮವೇ ಸ್ವಲ್ಪ ಹುಳಿ. ಕಾಲೇಜಿನ ದಪ್ಪ ಪುಸ್ತಕದಲ್ಲಿ ಅದರ ಬಗ್ಗೆ ನಾಲ್ಕೇ ಸಾಲು ಇತ್ತು, ಪರೀಕ್ಷೆಗೆ ಬರುವುದಿಲ್ಲವೆಂದು ಹಾರಿಸಿ ಓದಿದ್ದಳು. ಬೆವರು ಮತ್ತು ಜಿಡ್ಡು ಸೇರಿ ಚರ್ಮದ ಮೇಲೆ ತೆಳ್ಳನೆಯ ಹುಳಿಯ ಪದರವಿರುತ್ತದೆ, ಅದೇ ಅದರ ಕಾವಲು. ಸೊನೆಯ ಹುಳಿಯನ್ನು ಮುರಿಯಲು ಹೋಗಿ ತಾನು ಚರ್ಮದ ಹುಳಿಯನ್ನೇ ಮುರಿಸಿದ್ದೆ ಎಂಬುದು ಅವಳಿಗೆ ಹೊಳೆಯಿತು. ಆದರೆ ಹೊಳೆದದ್ದನ್ನು ನಂಬಿ ಹಿಂದೆಯೂ ಒಮ್ಮೆ ಮಾತಾಡಿ ಆಗಿತ್ತು.

ಈ ಸಲ ಅವಳು ತನ್ನ ಎಡಗೈಯ ಮೇಲೆಯೇ ಮಾಡಿ ನೋಡಿದಳು. ಮೂರು ಕಡೆ ಶಾಯಿಯಲ್ಲಿ ಗುರುತು ಹಾಕಿದಳು. ಒಂದು ಕಡೆ ಸೊನೆ ಹಚ್ಚಿ ಸೋಡಾ ನೀರಿನಲ್ಲಿ ತೊಳೆದಳು. ಇನ್ನೊಂದು ಕಡೆ ಸೊನೆ ಹಚ್ಚಿ, ಹರಳೆಣ್ಣೆಯಲ್ಲಿ ತಿಕ್ಕಿ ಬಟ್ಟೆಯಿಂದ ಒರೆಸಿ, ಆಮೇಲೆ ಮೈ ಸಾಬೂನು ಹಾಕಿ ತೊಳೆದಳು. ಮೂರನೆಯ ಕಡೆ ಸೊನೆ ಇಲ್ಲದೆ ಬರೀ ಸೋಡಾ. ದಿನಾ ಹೀಗೇ ಮಾಡಿದಳು. ಚಿಕ್ಕಮ್ಮ ಬಡಿಸುವಾಗ ಆ ಕೈ ಅವಳ ಕಣ್ಣಿಗೆ ಬಿತ್ತು.

“ಕೈಗೆ ಎಂತ ಆತೆ ಕೂಸೆ?”

“ಎಂತದೂ ಇಲ್ಲೆ ಚಿಕ್ಕಮ್ಮಾ. ಬೇಕು ಹೇಳಿಯೇ ಮಾಡ್ಕಂಡಿದ್ದು.”

“ಬೇಕು ಹೇಳಿ ಕೈ ಸುಟ್ಕಂಬವ್ ಯಾರಿದ್ದ?” ಎಂದು ಚಿಕ್ಕಮ್ಮ ಬೇಸರದಿಂದ ಒಳಗೆ ಹೋದಳು. ತಿರುಗಿ ಬಂದಾಗ ಬೆಣ್ಣೆ ತಂದಿದ್ದಳು. ಪರೀಕ್ಷೆ ಮುಗಿಯುವವರೆಗೆ ಅದನ್ನು ಹಚ್ಚಲು ವನಮಾಲಾ ಒಪ್ಪಲಿಲ್ಲ.

ಮೊದಲನೆಯ ಗುರುತಿನಲ್ಲಿ ಗುಳ್ಳೆ ಎದ್ದು ಒಡೆದು ನೀರಾಯಿತು. ಮೂರನೆಯದರಲ್ಲಿ, ಸೊನೆ ಮುಟ್ಟದಿದ್ದರೂ, ಚರ್ಮ ಒಣಗಿ ಕೆಂಪಾಗಿ ನವೆ ಶುರುವಾಯಿತು. ಎರಡನೆಯದರಲ್ಲಿ ಕಪ್ಪು ಕಲೆ ಉಳಿಯಿತು, ಸ್ವಲ್ಪ ಉರಿ ಇತ್ತು, ಆದರೆ ಚರ್ಮ ಬಿರಿಯಲಿಲ್ಲ. ಸೊನೆ ಎಣ್ಣೆಯ ಜಾತಿ, ಅದನ್ನು ಎಬ್ಬಿಸಲು ಎಣ್ಣೆಯೇ ಬೇಕು. ಸೋಡಾ ಕಲೆಯನ್ನು ತೆಗೆಯುತ್ತಿತ್ತು, ಜೊತೆಗೆ ಚರ್ಮವನ್ನೂ. ಕೈ ಬೆಳ್ಳಗಾಗುವುದು ಮತ್ತು ಕೈ ವಾಸಿಯಾಗುವುದು ಬೇರೆ ಬೇರೆ ಎಂಬುದನ್ನು ಅವಳು ಆಗ ಕಂಡುಕೊಂಡಳು.

ಬೆಳ್ಳಿಯನ್ನು ಜೊತೆಗೆ ಕರೆದುಕೊಂಡು ವನಮಾಲಾ ಕಾಸರಕೋಡಕ್ಕೆ ಹೋದಳು. ನಾಗಮ್ಮ ಮಾಡಿನ ಹೊರಗೆ ಕೂತಿದ್ದಳು. ಡಾಕ್ಟರನ್ನು ಕಂಡು ಎದ್ದು ನಿಂತಳು, ಬನ್ನಿ ಎನ್ನಲಿಲ್ಲ. ಕೆಲಸವಿಲ್ಲ, ಸೋಡಾವೂ ಇಲ್ಲದ್ದರಿಂದ ಕೈಯ ಬಿರುಕುಗಳು ಆಗಲೇ ಅರ್ಧ ಕೂಡಿದ್ದವು. ಮಚ್ಚೆಗಳು ಹಾಗೇ ಇದ್ದವು. ವನಮಾಲಾ ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಹತ್ತಿಯ ಎಳೆಯಿಂದ ಒಂದೊಂದೇ ಮಚ್ಚೆಯನ್ನು ಮುಟ್ಟಿದಳು. ಮುಟ್ಟಿದಾಗಲೆಲ್ಲ ನಾಗಮ್ಮ, ಇಲ್ಲಿ, ಇಲ್ಲಿ ಎಂದು ಸರಿಯಾಗಿ ಹೇಳಿದಳು. ಸೂಜಿಯ ಮೊನೆ ತಾಗಿಸಿದಾಗ ಕೈ ಎಳೆದುಕೊಂಡಳು. ಕುಷ್ಠದಲ್ಲಿ ಆಗುವ ಹಾಗೆ ಮೊಣಕೈಯ ಹಿಂದೆ ನರ ದಪ್ಪವಾಗಿದೆಯೇ ಎಂದೂ ಡಾಕ್ಟರು ಒತ್ತಿ ನೋಡಿದಳು. ಇರಲಿಲ್ಲ.

ಆ ರೋಗದ ಮಚ್ಚೆಗೆ ಸ್ಪರ್ಶ ಗೊತ್ತಾಗುವುದಿಲ್ಲ, ಇದು ಸುಟ್ಟ ಗಾಯ ಮಾಗಿದ ಗುರುತು, ಕ್ರಮೇಣ ಬಣ್ಣ ಕೂಡುತ್ತದೆ ಎಂದು ನಾಗಮ್ಮನ ಅಣ್ಣನಿಗೂ ಕೇಳುವ ಹಾಗೆ ಅವಳು ಹೇಳಿದಳು. ಆಮೇಲೆ ತನ್ನ ತೋಳನ್ನು ಮುಂದೆ ಚಾಚಿದಳು.

“ಸೊನೆ ಸುಟ್ಟದ್ದು ಸ್ವಲ್ಪ ನಾಗಮ್ಮಾ. ಉಳದದ್ದು ನಾ ಹೇಳಿದ ಸೋಡಾ ಸುಟ್ಟದ್ದು. ತಪ್ಪು ನಂದು.”

ನಾಗಮ್ಮ ಆ ತೋಳಿನ ಗಾಯವನ್ನು ನೋಡಿದಳು.

“ನೀವ್ ಹೇಳ್ದದ್ದಕ್ಕಿಂತ ಹೆಚ್ಚೇ ತೊಳ್ದೆ ಅಮ್ಮಾ ನಾನು,” ಎಂದಳು. “ಬೇಗ ಗುಣ ಆಗ್ಲಿ ಅಂತ. ಈಗ ಇಲ್ಲಿ ಬಂದು ನನ್ನ ಹತ್ರ ಹೇಳಿ ಎಂತಾ ಆತು? ನನ್ನ ಅತ್ತೆ ಹತ್ರ ಹೇಳಿ.”

ಅದು ನ್ಯಾಯವೆಂದು ವನಮಾಲಾಗೆ ಅನಿಸಿತು. ತಂದಿದ್ದ ಮುಲಾಮು ಕೊಟ್ಟು, ಹಚ್ಚುವ ಕ್ರಮ ಹೇಳಿ, ಅಲ್ಲಿಂದ ಹೊರಟವಳು ದವಾಖಾನೆಗೆ ಹೋಗದೆ ಸೀದಾ ಹಂದಿಗೋಣಕ್ಕೆ ಹೋದಳು. ಅಂಬಾ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಬೆಳ್ಳಿಯ ಜೊತೆ ಡಾಕ್ಟರು ಬಂದದ್ದು ಕಂಡು ನೆರೆಯ ಹೆಂಗಸರು ಬೇಲಿಯ ಹತ್ತಿರ ಸೇರಿದರು. ವನಮಾಲಾ ಅವರನ್ನೂ ಒಳಗೆ ಕರೆದಳು. ನಡೆದದ್ದನ್ನು ಮೊದಲಿನಿಂದ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ತೋಳು ತೋರಿಸಿದಳು.

ಅಂಬಾ ಮೊರವನ್ನು ಕೆಳಗಿಟ್ಟು ಕೇಳಿಸಿಕೊಂಡಳು. “ಆವತ್ತೂ ನೀವೇ ಹೇಳ್ದಿರಿ, ಇವತ್ತೂ ನೀವೇ ಹೇಳ್ತ್ರಿ. ನಾವು ಯಾವ್ದು ನಂಬೂದು?”

ವನಮಾಲಾ ಅದಕ್ಕೆ ಸಿಟ್ಟು ಮಾಡಲಿಲ್ಲ. ನಂಬಬೇಡಿ, ಕೈ ನೋಡುತ್ತಿರಿ ಎಂದಳು. ಆ ರೋಗವಾದರೆ ತಾನಾಗಿ ಕಡಿಮೆಯಾಗುವುದಿಲ್ಲ, ಇದು ಸೋಡಾ ಬಿಟ್ಟ ಮೇಲೆ ಕಡಿಮೆಯಾಗುತ್ತಿದೆ, ನಾನು ಕಂಡು ಬಂದೆ ಎಂದೂ ಹೇಳಿದಳು. ಕೈ ಪೂರ್ತಿ ವಾಸಿಯಾದ ಮೇಲೆ ಬರಲಿ ಎಂದು ಅಂಬಾ ಮೊರ ಎತ್ತಿಕೊಂಡಳು. ಅಷ್ಟರ ಮೇಲೆ ಅವಳು ಬಗ್ಗಲಿಲ್ಲ.

ಶನಿಯಾರ ಆಗ ಮನೆಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ದವಾಖಾನೆಯ ಮೆಟ್ಟಿಲ ಕೆಳಗೆ ನಿಂತಿದ್ದ, ಹೆಗಲ ಮೇಲೆ ಸೀತೆ. ಒಳಗೆ ಬಾ ಎಂದರೂ ಬರಲಿಲ್ಲ.

“ಒಂದೇ ಮಾತು ಕೇಳೂಕೆ ಬಂದೆ. ಇದು ಹುಡ್ಗಿಗೆ ಹತ್ತೂದಾ?”

“ಹತ್ತೂದಿಲ್ಲ,” ಎಂದಳು ವನಮಾಲಾ. “ಯಾರಿಗೂ ಹತ್ತೂದಿಲ್ಲ.”

ಅವನು ತಲೆಯಾಡಿಸಿ ಬಸ್ಸಿನ ನಿಲ್ದಾಣದ ಕಡೆ ನಡೆದ. ಸಂಜೆಯ ದೋಣಿಗೆ ಮೂವರೂ ಹೊಳೆ ದಾಟಿ ಬಂದರು. ದೋಣಿಯಲ್ಲಿ ಸೀತೆ ತಾಯಿಯ ತೊಡೆ ಬಿಟ್ಟು ಇಳಿಯಲಿಲ್ಲವಂತೆ. ಶನಿಯಾರ ಅದನ್ನು ಬೆಳ್ಳಿಯ ಹತ್ತಿರ ಹೇಳಿದ್ದ. ತನ್ನ ತಾಯಿಗೆ ಅವನು ಏನು ಹೇಳಿ ಒಪ್ಪಿಸಿದನೆಂದು ಹೊರಗಿನವರಿಗೆ ತಿಳಿಯಲಿಲ್ಲ. ಅಂಬಾ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಬೇರೆ ತಟ್ಟೆಯನ್ನೂ ತೆಗೆಯಲಿಲ್ಲ. ನಾಗಮ್ಮ ಆ ತಟ್ಟೆಯಲ್ಲೇ ಉಂಡಳು. ಭತ್ತದ ನಟ್ಟಿ ಶುರುವಾಗಿ ಎಲ್ಲರೂ ಒದ್ದೆ ಬಟ್ಟೆಯಲ್ಲಿ ಬಂದು ಸಿಕ್ಕ ತಟ್ಟೆಗೆ ಗಂಜಿ ಬಡಿಸಿಕೊಳ್ಳುವ ದಿನಗಳು ಬಂದವು. ಆ ಗಡಿಬಿಡಿಯಲ್ಲಿ ಅವಳ ತಟ್ಟೆ ಉಳಿದವುಗಳ ಜೊತೆ ಸೇರಿಹೋಯಿತು.

ಕಾರ್ಖಾನೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಪೀಪಾಯಿ ತೆಗೆಸಿ ಎಂದು ವನಮಾಲಾ ಹೋದಾಗ ಮಾಬ್ಲೇಶ್ವರ, ನೀವೇ ಇಡಿಸಿದ್ದಲ್ಲವೇ ಎಂದು ಕೇಳಿದ. ಹರಳೆಣ್ಣೆ ಹಚ್ಚಿದ ಕೈಯಿಂದ ತಿರುಳು ಮುಟ್ಟಿದರೆ ಬೀಜಕ್ಕೆ ವಾಸನೆ ಹಿಡಿಯುತ್ತದೆ, ಕೊಡತಿ ಜಾರುತ್ತದೆ ಎಂದ. ಅವನ ಮಾತಿನಲ್ಲೂ ಅರ್ಥವಿತ್ತು. ಕೊನೆಗೆ ಹೆಂಗಸರನ್ನೂ ಕೂರಿಸಿಕೊಂಡು ಒಂದು ಕ್ರಮಕ್ಕೆ ಬಂದರು. ಕೆಲಸಕ್ಕೆ ಕೂರುವಾಗ ಬೆರಳಿಗೆ ತೆಳ್ಳಗೆ ಎಣ್ಣೆ, ಅದರ ಮೇಲೆ ಜರಡಿ ಹಿಡಿದ ಒಣ ಬೂದಿ, ಆಗ ಕೈ ಜಾರುವುದಿಲ್ಲ. ಬೂದಿ ಒದ್ದೆಯಾದರೆ ಅದೂ ಕ್ಷಾರವೇ. ಹಾಗಾಗಿ ಮಧ್ಯಾಹ್ನ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ತೆಗೆದು ಹೊಸದಾಗಿ ಹಚ್ಚುವುದು. ಬಿಡುವಾಗ ಎಣ್ಣೆಯಲ್ಲಿ ತಿಕ್ಕಿ, ಒರೆಸಿ, ಸಾಬೂನು ನೀರು. ತಿರುಳಿನ ಪೊರೆ ಬಿಡಿಸುವವರು ಬೇರೆ, ಅವರು ಎಣ್ಣೆ ಮುಟ್ಟುವುದು ಬೇಡ.

ಎಲ್ಲರೂ ಕೇಳಲಿಲ್ಲ. ಮನೆಯಲ್ಲಿ ಮದುವೆ ಮುಂಜಿ ಇದ್ದರೆ ಕಪ್ಪು ಹೋಗಲೆಂದು ಕದ್ದು ಸೋಡಾ ಹಾಕಿಕೊಳ್ಳುವವರು ಇದ್ದೇ ಇದ್ದರು. ಆದರೆ ಆ ವರ್ಷದ ಕೊನೆಗೆ ಕೈ ಬಿರಿದು ದವಾಖಾನೆಗೆ ಬರುವವರು ಬಹಳ ಕಡಿಮೆಯಾದರು.

ನಾಗಮ್ಮ ದೀಪಾವಳಿಯ ಮುಂಚೆ ಕೆಲಸಕ್ಕೆ ಮರಳಿದಳು. ಮಾಬ್ಲೇಶ್ವರ ಅವಳನ್ನು ಪೊರೆ ಬಿಡಿಸುವ ಸಾಲಿಗೆ ಹಾಕಿದ. ಅಲ್ಲಿ ಸೊನೆಯ ಕಾಟ ಕಡಿಮೆ. ಮಚ್ಚೆಗಳಿಗೆ ಬಣ್ಣ ಕೂಡಿತು. ಬಿಟ್ಟುಹೋಗಿದ್ದ ಉಗುರುಗಳಲ್ಲಿ ಒಂದು ಸರಿಯಾಗಿ ಬೆಳೆಯಿತು, ಇನ್ನೊಂದು ಸೊಟ್ಟಗೇ ಉಳಿಯಿತು. ಮೊದಲು ಮಗುವನ್ನು ಹಿಂದಕ್ಕೆ ಎಳೆದುಕೊಂಡಿದ್ದ ಮನೆಯವರು ಹಬ್ಬಕ್ಕೆ ಕರೆದರು. ಅವಳು ಶನಿಯಾರನನ್ನು ಕಳಿಸಿದಳು, ತಾನು ಹೋಗಲಿಲ್ಲ.

ದವಾಖಾನೆಯ ಮೆಟ್ಟಿಲನ್ನೂ ಅವಳು ಬಹಳ ದಿನ ಹತ್ತಲಿಲ್ಲ. ಹತ್ತಿದ್ದು ಮರುವರ್ಷ, ಸೀತೆಗೆ ಜ್ವರ ಬಿಡದೆ ಕಾಡಿದಾಗ. ವನಮಾಲಾ ಮಗುವನ್ನು ನೋಡಿ ಬಾಟಲಿಯಲ್ಲಿ ಔಷಧಿ ಬೆರೆಸಿ ಕೊಟ್ಟಳು. ನಾಗಮ್ಮ ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಳು.

“ಇದು ಮೊದ್ಲು ಯಾರಿಗಾರೂ ಕೊಟ್ಟದ್ದು ಇದ್ಯಾ ಅಮ್ಮಾ?”

ಕೊಟ್ಟದ್ದುಂಟು ಎಂದಳು ವನಮಾಲಾ. ಯಾವ ಮಕ್ಕಳಿಗೆ ಕೊಟ್ಟಿದ್ದೆ, ಅವರಿಗೆ ಹೇಗಾಯಿತು, ಯಾರಿಗೆ ವಾಂತಿಯಾಗಿತ್ತು, ವಾಂತಿಯಾದರೆ ಏನು ಮಾಡಬೇಕು ಎಂಬುದನ್ನೆಲ್ಲ ಕೂತು ಹೇಳಿದಳು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ನಾಗಮ್ಮ ಕೊನೆಯವರೆಗೆ ಕೇಳಿ, ಸರಿ ಎಂದು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ, ಮಗಳನ್ನು ಎತ್ತಿಕೊಂಡು ಮನೆಗೆ ಹೊರಟಳು.